ಇಬ್ಬರು ವೈಮಾನಿಕರು, ಅವರ ಸಾಕ್ಷಿಗಳು

ಕಲಬುರಗಿ ಸೀಮೆಯ ಕಾಳಗಿಯನ್ನು ಶ್ರೋತೃಗಳಲ್ಲಿ ಕೆಲವರಾದರೂ ನೋಡಿರಬಹುದು. ಚಿತ್ತಾಪುರ, ಸೇಡಂ, ಚಿಂಚೋಳಿ ಈ ಮೂರು ಊರುಗಳ ನಡುವಣ ಪ್ರದೇಶದಲ್ಲಿರುವ ಸಣ್ಣ ಪಟ್ಟಣವದು. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಅಲ್ಲಿ ಉಳಿದು ಬಂದಿರುವುದರಿಂದ, ಇತಿಹಾಸವನ್ನು ಬೋಧಿಸುವ ನಮ್ಮಂಥವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗುವುದುಂಟು. ಒಮ್ಮೆ ಹಾಗೆ ಹೋಗಿದ್ದಾಗ ಗುಡಿಯ ಅಂಗಳದಲ್ಲಿ ಕುಳಿತು ಕನ್ನಡನಾಡಿನ ವೀರಗಲ್ಲುಗಳ ವಿಷಯವನ್ನು ವಿವರಿಸುತ್ತಿದ್ದೆವು. ಕಲ್ಲಿನ ಕೆಳಗಣ ಅಂಕಣದಲ್ಲಿ ಕಾಳಗ. ನಡುವಣ ಅಂಕಣದಲ್ಲಿ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವುದು. ಮೇಲಣ ಅಂಕಣದಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ಹೀಗೆ ನೆಲದಿಂದ ಮೊದಲಾಗಿ ಆಕಾಶದಲ್ಲಿ ಮುಗಿಯುವ ಕಥೆ ಅದು ಎಂದು ನಾವು ಹೇಳಿದೆವು.

ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬನು, ತನ್ನ ಊರಿನ ಮಾತಿನಲ್ಲೇ, "ನೆಲದ ಮ್ಯಾಲ ಸತ್ತವರಿಗಿ ನೆಲದಾಗ ಕಲ್ಲು ನೆಟ್ಟಾರ್ರಿ, ಆಕಾಶದಾಗ ಸತ್ತವರಿಗಿ ಎಲ್ಲಿ ನೆಡಬೇಕ್ರಿ?" ಎಂದು ಕೇಳಿದನು. ಅವನ ಚಿಕ್ಕಪ್ಪ ವಾಯುಪಡೆಯಲ್ಲಿ ಕೆಲಸಕ್ಕಿದ್ದನಂತೆ. ಜೊತೆಯ ಹುಡುಗರು ನಕ್ಕರು. ನಾವು ನಗಲಾರದೆ ಹೋದೆವು. ಆ ಹೊತ್ತಿಗೆ ಏನೋ ಒಂದು ಸಮಾಧಾನ ಹೇಳಿ ಮುಂದಿನ ಗುಡಿಗೆ ನಡೆದೆವಾದರೂ, ಪ್ರಶ್ನೆ ಮಾತ್ರ ನಮ್ಮ ಸಂಗಡಲೇ ಊರಿಗೆ ಬಂದಿತು.

ಈ ಸಂಜೆ ನಾವು ಅರಿಕೆಮಾಡಬೇಕೆಂದಿರುವ ವಿಷಯ ಆ ಪ್ರಶ್ನೆಗೆ ಉತ್ತರವನ್ನು ಹುಡುಕುವ ಒಂದು ಪ್ರಯತ್ನ. ಅದಕ್ಕಾಗಿ ಇಬ್ಬರು ತರುಣ ವೈಮಾನಿಕರ ಕಥೆಗಳನ್ನು ಜೊತೆಯಾಗಿಟ್ಟು ನೋಡೋಣ. ಒಬ್ಬನು ಕೆನಡಾ ದೇಶದವನು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ವಿಮಾನದ ಗೋಲಂದಾಜನಾಗಿದ್ದವನು. ಇನ್ನೊಬ್ಬರು ನಮ್ಮ ಕೊಡಗಿನವರು. ೧೯೬೫ರ ಯುದ್ಧದಲ್ಲಿ ಶತ್ರುವಿನ ವಿಮಾನನೆಲೆಯ ಮೇಲೆ ದಾಳಿಗೆ ಹೋಗಿ ಹಿಂದಿರುಗದವರು. ಇಬ್ಬರಿಗೂ ಪರಸ್ಪರ ಪರಿಚಯವಿರಲು ಅವಕಾಶವೇ ಇಲ್ಲ. ಮೊದಲನೆಯವನು ಸತ್ತಾಗ ಎರಡನೆಯವರು ಹನ್ನೊಂದು ವರುಷದ ಬಾಲಕ. ಆದರೂ ಈ ಎರಡು ಸಾವುಗಳು ಲೋಕಕ್ಕೆ ತಿಳಿದುಬಂದ ಬಗೆಯನ್ನು ನೋಡಿದರೆ, ಒಂದರ ಬೆಳಕಿನಲ್ಲಿ ಇನ್ನೊಂದು ಸ್ಪಷ್ಟವಾಗುತ್ತದೆ.

ಮೊದಲು ವೀರಗಲ್ಲಿನ ವಿಷಯದಲ್ಲಿಯೇ ಒಂದು ಮಾತು. ಕಲ್ಲು ನೆಡಬೇಕಾದರೆ ವೀರನೊಬ್ಬನು ಸತ್ತರೆ ಸಾಲದು. ಅವನು ಸತ್ತುದನ್ನು ಕಂಡವನೊಬ್ಬನು ಬದುಕಿ ಬರಬೇಕು. ಇದಕ್ಕೆ ಆತಕೂರಿನ ಪ್ರಸಿದ್ಧ ಕಲ್ಲೇ ನಿದರ್ಶನ. ಕ್ರಿ. ಶ. ೯೪೯ರ ಸುಮಾರಿನಲ್ಲಿ, ಸೇಡಮಿಗೆ ಸಮೀಪದ ಮಳಖೇಡವನ್ನು, ಅಂದರೆ ಮಾನ್ಯಖೇಟವನ್ನು, ರಾಜಧಾನಿಯಾಗಿ ಮಾಡಿಕೊಂಡು ಆಳುತ್ತಿದ್ದ ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದನು. ಅವನ ಪಕ್ಷದಲ್ಲಿ ಗಂಗರ ಬೂತುಗನಿದ್ದನು. ಬೂತುಗನ ಬಂಟನಾಗಿ ಮಣಲರನಿದ್ದನು. ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮಣಲರನು ಬೇಡಿದ ಬಹುಮಾನವಾದರೂ ಏನು? ಕಾಳಿಯೆಂಬ ಒಂದು ಬೇಟೆನಾಯಿ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಆತಕೂರಿನಲ್ಲಿ ಕಲ್ಲನ್ನು ನೆಡಿಸಿ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಸಾವಿರ ವರುಷ ಕಳೆದ ಮೇಲೆ ಒಂದು ನಾಯಿಯ ಹೆಸರನ್ನು ನಾವು ಬಲ್ಲೆವು; ಏಕೆಂದರೆ ಅದರ ಸಾಹಸವನ್ನು ಮೆಚ್ಚಿ ಹೇಳುವ ಒಡೆಯನು ಅದಕ್ಕಿದ್ದನು. ಅದೇ ತಕ್ಕೋಲದ ಕಣದಲ್ಲಿ ಯಾರ ಕಣ್ಣಿಗೂ ಬೀಳದೆ ಮಡಿದ ಕಾಲಾಳುಗಳೆಷ್ಟೋ! ಅವರ ಹೆಸರನ್ನು ಯಾವ ಕಲ್ಲೂ ಹೇಳದು.

ಇನ್ನು ಕೆನಡಾದ ತರುಣನ ಕಥೆಗೆ ಬರೋಣ. ಆಂಡ್ರೂ ಚಾರ್ಲ್ಸ್ ಮೈನಾರ್ಸ್ಕಿ ಎಂಬುದು ಅವನ ಹೆಸರು. ೧೯೧೬ನೆಯ ಇಸವಿ ಅಕ್ಟೋಬರ್ ೧೪ರಂದು ಕೆನಡಾದ ನಡುಭಾಗದ ವಿನ್ನಿಪೆಗ್ ಪಟ್ಟಣದಲ್ಲಿ ಅವನು ಹುಟ್ಟಿದನು. ತಂದೆತಾಯಿಗಳು ಪೋಲೆಂಡಿನಿಂದ ವಲಸೆ ಬಂದವರು, ಬಡವರು. ಹುಡುಗನಿಗೆ ಹದಿನಾರು ವರುಷವಾಗಿದ್ದಾಗ ತಂದೆ ತೀರಿಕೊಂಡನು. ಸಂಸಾರದ ಭಾರವನ್ನು ಹಂಚಿಕೊಳ್ಳುವುದಕ್ಕಾಗಿ ಹುಡುಗನು ತುಪ್ಪುಳು ಚರ್ಮದ ವ್ಯಾಪಾರಿಯೊಬ್ಬನಲ್ಲಿ ಚರ್ಮ ಕತ್ತರಿಸುವ ಕೆಲಸಕ್ಕೆ ಸೇರಿದನು. ೧೯೪೧ರಲ್ಲಿ ಕೆನಡಾದ ವಾಯುಪಡೆಯನ್ನು ಸೇರಿ, ತರಬೇತಿಯನ್ನು ಮುಗಿಸಿ, ಇಂಗ್ಲೆಂಡಿಗೆ ಹೋಗಿ, ಅಲ್ಲಿ ೪೧೯ನೆಯ ದಳದ ಬಾಂಬು ವಿಮಾನವೊಂದರಲ್ಲಿ ಬೆನ್ನಮೇಲಣ ಗೋಪುರದ ಗೋಲಂದಾಜನಾದನು. ಪಾಠಶಾಲೆಯ ಚರಿತ್ರೆಯಲ್ಲಿ ಹೆಸರು ಬರುವಂಥ ಯಾವ ಲಕ್ಷಣವೂ ಅವನ ಬಾಲ್ಯದಲ್ಲಿ ಕಾಣದು.

ಆ ಕಾಲದ ಲ್ಯಾಂಕಾಸ್ಟರ್ ಎಂಬ ಬಾಂಬು ವಿಮಾನದ ರಚನೆಯನ್ನು ತುಸು ತಿಳಿದುಕೊಳ್ಳುವುದು ಅವಶ್ಯಕ. ಅದಕ್ಕೆ ನಾಲ್ಕು ಯಂತ್ರಗಳು. ಒಳಗೆ ಏಳು ಮಂದಿ. ಚಾಲಕ, ಯಂತ್ರಜ್ಞ, ದಾರಿ ಲೆಕ್ಕ ಹಾಕುವವನು, ಬಾಂಬು ಬಿಡುವವನು, ನಿಸ್ತಂತು ಸಂದೇಶ ನೋಡುವವನು ಇವರೆಲ್ಲ ಮುಂಭಾಗದಲ್ಲಿ. ಬೆನ್ನಮೇಲೆ ಗಾಜಿನ ಗೋಪುರದಲ್ಲಿ ಒಬ್ಬ ಗೋಲಂದಾಜ. ಬಾಲದ ತುದಿಯಲ್ಲಿ ಮತ್ತೊಬ್ಬ. ಬಾಲದವನ ಸ್ಥಾನವೇ ಎಲ್ಲಕ್ಕಿಂತ ಏಕಾಂತವಾದುದು. ಹಲವು ಗಂಟೆಗಳ ಕಾಲ ಕತ್ತಲೆಗೆ ಮುಖಮಾಡಿ, ಸಂಗಡಿಗರಿಗೆ ಬೆನ್ನುಮಾಡಿ ಕುಳಿತಿರಬೇಕು. ಗೋಪುರವು ಒಂದು ನಿರ್ದಿಷ್ಟ ಕೋನದಲ್ಲಿ ನಿಂತಾಗ ಮಾತ್ರ ಅದರ ಬಾಗಿಲು ವಿಮಾನದ ಒಡಲಿಗೆ ತೆರೆಯುವುದು. ಗೋಪುರವನ್ನು ತಿರುಗಿಸುವ ಶಕ್ತಿ ವಿಮಾನದ ಯಂತ್ರದಿಂದ ಬರಬೇಕು. ಯಂತ್ರ ನಿಂತರೆ ಕೈಯಿಂದ ತಿರುಗಿಸುವ ಹಿಡಿಯೊಂದುಂಟು. ಈ ವಿಮಾನದ ಬಾಲದಲ್ಲಿದ್ದವನು ಪ್ಯಾಟ್ ಬ್ರೋಫಿ.

ಬ್ರೋಫಿಗೂ ಮೈನಾರ್ಸ್ಕಿಗೂ ಬಹಳ ಸ್ನೇಹ. ಬ್ರೋಫಿಗೆ ಅಧಿಕಾರಿಯ ಪದವಿ ಮೊದಲೇ ದೊರೆತಿತ್ತು. ಮೈನಾರ್ಸ್ಕಿಗೆ ದೊರೆತುದು ಸಾಯುವುದಕ್ಕೆ ಕೆಲವೇ ದಿನ ಮುಂಚೆ. ಆದಕಾರಣ ಪ್ರತಿ ರಾತ್ರಿ ಮಲಗಲು ಬೀಳ್ಕೊಳ್ಳುವಾಗ ಮೈನಾರ್ಸ್ಕಿ ತಮಾಷೆಗಾಗಿ ನೆಟ್ಟಗೆ ನಿಂತು, ಕೈಯೆತ್ತಿ ಸಲಾಮು ಮಾಡಿ, ಒಡೆಯರಿಗೆ ಹೇಳುವಂತೆ ಶುಭರಾತ್ರಿಯನ್ನು ಹೇಳುತ್ತಿದ್ದನು. ಗೆಳೆಯರ ನಡುವಣ ಈ ಸಣ್ಣ ವಿನೋದವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು.

೧೯೪೪ನೆಯ ಇಸವಿ ಜೂನ್ ೧೨ರ ರಾತ್ರಿ. ಮಿತ್ರಸೈನ್ಯಗಳು ಫ್ರಾನ್ಸಿನ ಕರಾವಳಿಯಲ್ಲಿ ಇಳಿದು ಆರು ದಿನಗಳಾಗಿದ್ದುವು. ಜರ್ಮನರ ಸೈನ್ಯಸಾಮಗ್ರಿ ರೈಲುದಾರಿಯಿಂದ ಬರುವುದನ್ನು ತಡೆಯುವುದಕ್ಕಾಗಿ ಕಾಂಬ್ರೇ ಪಟ್ಟಣದ ರೈಲು ನಿಲ್ದಾಣದ ಮೇಲೆ ಬಾಂಬು ಹಾಕಲು ಈ ವಿಮಾನ ಹೊರಟಿತು. ಅವರಿಗೆ ಅದು ಹದಿಮೂರನೆಯ ಯಾತ್ರೆ. ಗುರಿಯನ್ನು ಮುಟ್ಟುವುದಕ್ಕೆ ಮುನ್ನವೇ ಜರ್ಮನರ ರಾತ್ರಿಕಾಳಗದ ವಿಮಾನವೊಂದು ಕೆಳಗಡೆಯಿಂದ ಬಂದು ಗುಂಡಿಟ್ಟಿತು. ಎಡಗಡೆಯ ಎರಡು ಯಂತ್ರಗಳೂ ನಿಂತುಹೋದುವು. ರೆಕ್ಕೆಗೂ, ಬೆನ್ನಗೋಪುರಕ್ಕೂ ಬಾಲಗೋಪುರಕ್ಕೂ ನಡುವಣ ಒಡಲಿಗೂ ಬೆಂಕಿ ಹತ್ತಿತು. ಚಾಲಕನಾದ ಡಿ ಬ್ರೇನನು ಎಲ್ಲರೂ ಧುಮುಕಬೇಕೆಂದು ಆಜ್ಞೆಯಿತ್ತನು.

ಮೈನಾರ್ಸ್ಕಿ ತನ್ನ ಗೋಪುರದಿಂದಿಳಿದು ಹೊರಹೋಗುವ ಬಾಗಿಲ ಬಳಿಗೆ ಬಂದನು. ಇನ್ನೊಂದು ಹೆಜ್ಜೆಯಿಟ್ಟಿದ್ದರೆ ಅವನು ಪಾರಾಗುತ್ತಿದ್ದನು. ಅಲ್ಲಿ ನಿಂತು ತಿರುಗಿ ನೋಡಿದಾಗ ಬಾಲದಲ್ಲಿ ಬ್ರೋಫಿ ಸಿಕ್ಕಿಕೊಂಡಿರುವುದು ಕಾಣಿಸಿತು. ಯಂತ್ರಗಳು ನಿಂತುಹೋದುದರಿಂದ ಗೋಪುರ ತಿರುಗದು, ಕೈಹಿಡಿ ಮುರಿದುಹೋಗಿತ್ತು. ಮೈನಾರ್ಸ್ಕಿ ಬಾಗಿಲನ್ನು ಬಿಟ್ಟು, ಉರಿಯುವ ಎಣ್ಣೆಯ ನಡುವೆ ಮೊಣಕಾಲೂರಿ ತೆವಳಿಕೊಂಡು ಬಾಲದವರೆಗೆ ಹೋದನು. ಕೊಡಲಿಯಿಂದ ಹೊಡೆದನು; ಬರಿಗೈಯಿಂದ ಎಳೆದನು. ಗೋಪುರ ಅಲುಗಲಿಲ್ಲ. ಅಷ್ಟರಲ್ಲಿ ಅವನ ಬಟ್ಟೆಗೂ ಧುಮುಕುಕೊಡೆಗೂ ಬೆಂಕಿ ಹತ್ತಿತ್ತು. ಪ್ರಯೋಜನವಿಲ್ಲ, ಹೋಗು ಎಂದು ಬ್ರೋಫಿ ಒಳಗಿನಿಂದ ಕೈಸನ್ನೆ ಮಾಡಿದನು. ಮೈನಾರ್ಸ್ಕಿ ಗೆಳೆಯನಿಗೆ ಬೆನ್ನು ತಿರುಗಿಸದೆ, ಬೆಂಕಿಯಲ್ಲಿಯೇ ಹಿಂದುಹಿಂದಾಗಿ ತೆವಳಿ ಬಾಗಿಲಿಗೆ ಬಂದನು, ಉರಿಯುವ ಬಟ್ಟೆಯಲ್ಲಿ ನೆಟ್ಟಗೆ ನಿಂತು ಸಲಾಮು ಮಾಡಿದನು, ತುಟಿಗಳು ಅಲುಗಿದುವು. ಸದ್ದು ಕೇಳಿಸದಿದ್ದರೂ ಅವನು ಹೇಳಿದುದು ಏನೆಂಬುದನ್ನು ಬ್ರೋಫಿ ಬಲ್ಲನು. ಅದು ಪ್ರತಿರಾತ್ರಿಯ ಮಾತು. ಬಳಿಕ ಅವನು ಧುಮುಕಿದನು. ಫ್ರಾನ್ಸಿನ ರೈತರು ಅವನನ್ನು ಕಂಡು ಎತ್ತಿಕೊಂಡು ಹೋದರಾದರೂ ಸುಟ್ಟಗಾಯಗಳಿಂದ ಬೇಗನೆ ಪ್ರಾಣ ಹೋಯಿತು. ಅವನಿಗಾಗ ಇಪ್ಪತ್ತೇಳು ವರುಷ. ಮೆಹಾರಿಕೂರ್ ಎಂಬ ಹಳ್ಳಿಯ ಸ್ಮಶಾನದಲ್ಲಿ ಅವನ ಸಮಾಧಿಯುಂಟು.

ಇಲ್ಲಿಗೇ ಕಥೆ ಮುಗಿದಿದ್ದರೆ, ಮೈನಾರ್ಸ್ಕಿಯ ಹೆಸರು ಮೃತರ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯುತ್ತಿತ್ತು. ಆ ಯುದ್ಧದಲ್ಲಿ ಬ್ರಿಟಿಷರ ಬಾಂಬುಪಡೆಯ ಮೃತರ ಲೆಕ್ಕ ೫೫,೫೭೩; ಅವರಲ್ಲಿ ಸುಮಾರು ಹತ್ತು ಸಾವಿರ ಮಂದಿ ಕೆನಡಾದವರು. ಆದರೆ ದೈವಯೋಗವು ವಿಚಿತ್ರ. ಚಾಲಕನಿಲ್ಲದ ವಿಮಾನವು ಬ್ರೋಫಿಯನ್ನು ಒಳಗಿಟ್ಟುಕೊಂಡೇ ನೆಲಕ್ಕೆ ಅಪ್ಪಳಿಸಿತು. ಅಪ್ಪಳಿಸಿದ ರಭಸಕ್ಕೆ ಬಾಲಗೋಪುರ ಒಡೆದು, ಸಾಯಲೇಬೇಕಾಗಿದ್ದ ಬ್ರೋಫಿ ಹೊರಕ್ಕೆ ಎಸೆಯಲ್ಪಟ್ಟು ಬದುಕಿಕೊಂಡನು! ಫ್ರೆಂಚ್ ದೇಶಭಕ್ತರು ಅವನನ್ನು ಬಚ್ಚಿಟ್ಟರು. ಆ ವರುಷದ ಸೆಪ್ಟೆಂಬರಿನಲ್ಲಿ ಅವನು ಇಂಗ್ಲೆಂಡನ್ನು ಸೇರಿದನು. ೧೯೪೫ರಲ್ಲಿ ತನ್ನ ಚಾಲಕನನ್ನು ಮತ್ತೆ ಕಂಡಾಗ, ಆ ಉರಿಯುವ ಒಡಲಿನಲ್ಲಿ ತಾನೊಬ್ಬನೇ ಕಂಡುದನ್ನು ಹೇಳಿದನು. ೧೯೪೬ನೆಯ ಇಸವಿ ಅಕ್ಟೋಬರ್ ೧೧ರಂದು ಮೈನಾರ್ಸ್ಕಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪದಕವು ಪ್ರಕಟವಾಯಿತು. ಯಾರನ್ನು ಉಳಿಸಲು ಹೋಗಿ ಉಳಿಸಲಾರದೆ ಸತ್ತನೋ ಅವನೇ ಉಳಿದು ಬಂದು ಸಾಕ್ಷಿ ನುಡಿದನು.

ಈಗ ನಮ್ಮ ನಾಡಿಗೆ ಬರೋಣ. ಅಜ್ಜಮಾಡ ಬೋಪಯ್ಯ ದೇವಯ್ಯನವರು ಹುಟ್ಟಿದುದು ೧೯೩೨ನೆಯ ಇಸವಿ ಡಿಸೆಂಬರ್ ೨೪ರಂದು, ಕೊಡಗಿನಲ್ಲಿ. ತಂದೆ ವೈದ್ಯರು. ಅಜ್ಜಮಾಡ ಎಂಬುದು ಅವರ ಒಕ್ಕದ, ಅಂದರೆ ಮನೆತನದ ಹೆಸರು. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದೂ, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದೂ ಹಿಂದಿನಿಂದ ಬಂದ ಪದ್ಧತಿ. ಒಂದಕ್ಕೂ ಎರಡಕ್ಕೂ ನಡುವಣ ಕಾಲವೇ ಮನುಷ್ಯನ ಆಯುಸ್ಸು ಎನ್ನಬಹುದು. ದೇವಯ್ಯನವರು ೧೯೫೪ರಲ್ಲಿ ಭಾರತದ ವಾಯುಪಡೆಯನ್ನು ಸೇರಿದರು. ಸ್ಕ್ವಾಡ್ರನ್ ಲೀಡರ್ ಪದವಿಯವರೆಗೆ ಏರಿದರು. ಹೊಸಬರಿಗೆ ವಿಮಾನ ನಡೆಸುವುದನ್ನು ಕಲಿಸುವ ಶಿಕ್ಷಕರೂ ಆಗಿದ್ದರು. ೧೯೬೫ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ದಳದಲ್ಲಿ ಅವರು ಇದ್ದರು.

ಸೆಪ್ಟೆಂಬರ್ ೬ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ನೆಲೆಯ ಮೇಲೆ ದಾಳಿಮಾಡಿ ನಮ್ಮ ವಿಮಾನಗಳನ್ನು ನೆಲದಮೇಲೆಯೇ ಸುಟ್ಟವು. ಅದಕ್ಕೆ ಉತ್ತರವಾಗಿ ಮರುದಿನ ಮುಂಜಾವದಲ್ಲಿ ಪಾಕಿಸ್ತಾನದ ವಾಯುಪಡೆಯ ಮುಖ್ಯ ಬೀಡಾದ ಸರ್ಗೋಧದ ಮೇಲೆ ಬೀಳಬೇಕೆಂದು ಆಜ್ಞೆಯಾಯಿತು. ವಿಂಗ್ ಕಮಾಂಡರ್ ತನೇಜಾ ಅವರ ನೇತೃತ್ವದಲ್ಲಿ ಹನ್ನೆರಡು ಮಿಸ್ಟೇರ್ ವಿಮಾನಗಳು ಹೋಗಬೇಕು. ದೇವಯ್ಯನವರಿದ್ದುದು ಮೀಸಲಿನಲ್ಲಿ, ಹನ್ನೆರಡರಲ್ಲಿ ಯಾವುದಾದರೂ ಹಿಂದೆ ಬಿದ್ದರೆ ಮಾತ್ರ ಅವರು ಸೇರಬೇಕಾಗಿತ್ತು. ಹಾಗೆಯೇ ಆಯಿತು, ತೆರವಾದ ಸ್ಥಾನವನ್ನು ಅವರು ತುಂಬಿದರು.

ಇಲ್ಲಿ ಎರಡು ವಿಮಾನಗಳ ತಾರತಮ್ಯವನ್ನು ಹೇಳಬೇಕು. ಮಿಸ್ಟೇರ್ ಎಂಬುದು ಫ್ರಾನ್ಸಿನಲ್ಲಿ ತಯಾರಾದುದು. ನೆಲದ ಗುರಿಗಳ ಮೇಲೆ ಬಾಂಬು ರಾಕೆಟುಗಳನ್ನು ಹಾಕಲು ನಮ್ಮವರು ಅದನ್ನು ಉಪಯೋಗಿಸುತ್ತಿದ್ದರು. ಸಮತಲ ಹಾರಾಟದಲ್ಲಿ ಅದರ ವೇಗವು ಶಬ್ದದ ವೇಗವನ್ನು ಮುಟ್ಟದು. ಶತ್ರುಗಳ ಕೈಯಲ್ಲಿ ಅಮೆರಿಕಾದ ಸ್ಟಾರ್‌ಫೈಟರ್ ವಿಮಾನವಿತ್ತು. ಅದು ಶಬ್ದದ ಎರಡರಷ್ಟು ವೇಗದಲ್ಲಿ ಓಡಬಲ್ಲುದು. ಶತ್ರುವನ್ನು ಬೆನ್ನಟ್ಟಿ ಹೋಗುವ ಕ್ಷಿಪಣಿಗಳನ್ನು ಹೊತ್ತಿರುವುದು. ಅಷ್ಟೇ ಅಲ್ಲ, ಆದಂಪುರದಿಂದ ಸರ್ಗೋಧಕ್ಕೆ ಹೋಗಿ ಬರುವುದು ಮಿಸ್ಟೇರಿನ ಎಣ್ಣೆಯ ಶಕ್ತಿಗೆ ಕಟ್ಟಕಡೆಯ ಎಲ್ಲೆ. ದಾರಿಯಲ್ಲಿ ನಿಂತು ಕಾದಿದವನು ಮನೆಗೆ ಬರುವುದು ಕಷ್ಟ. ಇದು ಆ ದಂಡಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿದ್ದ ಸಂಗತಿ.

ಆರು ಗಂಟೆಗೆ ಸರಿಯಾಗಿ ಎರಡು ಮಿನಿಷ ಮುಂಚೆ ದಾಳಿ ನಡೆಯಿತು. ಹಿಂದಿರುಗುವ ದಾರಿಯಲ್ಲಿ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರು ತಮ್ಮ ಸ್ಟಾರ್‌ಫೈಟರಿನಲ್ಲಿ ದೇವಯ್ಯನವರ ವಿಮಾನವನ್ನು ಬೆನ್ನಟ್ಟಿ ಗುಂಡಿಟ್ಟರು. ಗುಂಡು ತಾಗಿತು. ಇದರ ಕಥೆ ಮುಗಿಯಿತೆಂದು ಹುಸೇನರು ಬೇರೆ ಮಿಸ್ಟೇರುಗಳ ಕಡೆಗೆ ತಿರುಗಿದರು. ಆದರೆ ಮುಗಿದಿರಲಿಲ್ಲ. ಗಾಯಗೊಂಡ ವಿಮಾನವನ್ನು ದೇವಯ್ಯನವರು ಗಡಿಯ ಕಡೆಗೆ ಓಡಿಸದೆ, ಹುಸೇನರ ಮೇಲೆ ತಿರುಗಿಸಿದರು. ವೇಗದ ವಿಮಾನಕ್ಕೆ ಒಂದು ದೌರ್ಬಲ್ಯವುಂಟು. ನೆಲಕ್ಕೆ ಸಮೀಪದಲ್ಲಿ, ಕಡಿಮೆ ವೇಗದಲ್ಲಿ, ಸುತ್ತಿಸುತ್ತಿ ಕಾದಬೇಕಾದರೆ ಅದು ನಿಧಾನಿಗೆ ಸಮನಾಗದು. ಅಂಥ ಕಾಳಗಕ್ಕೆ ಹುಸೇನರು ಸಿಕ್ಕಿದರು. ಮಿಸ್ಟೇರಿನ ಫಿರಂಗಿಯ ಏಟಿಗೆ ಸ್ಟಾರ್‌ಫೈಟರ್ ಕೆಟ್ಟು ಹಿಡಿತ ತಪ್ಪಿತು; ಹುಸೇನರು ಧುಮುಕುಕೊಡೆಯಿಂದ ಪಾರಾದರು. ದೇವಯ್ಯನವರು ಪಾರಾಗಲಿಲ್ಲ. ಅವರ ದೇಹವನ್ನು ಹಳ್ಳಿಯ ಜನರು ಕಂಡು ಅಲ್ಲಿಯೇ ಹೊಲದ ನೆಲದಲ್ಲಿ ಮಣ್ಣುಮಾಡಿದರು. ಅವರಿಗೆ ಮೂವತ್ತೆರಡು ವರುಷ ವಯಸ್ಸು.

ಇಷ್ಟು ವಿವರವನ್ನು ನಾವು ಇಂದು ಹೇಳುತ್ತಿದ್ದೇವೆ. ಅಂದು ಆದಂಪುರದಲ್ಲಿ ಇದಾವುದೂ ಯಾರಿಗೂ ತಿಳಿಯದು. ಇಳಿದ ವಿಮಾನಗಳನ್ನು ಎಣಿಸಿದರು, ಒಂದು ಕಡಿಮೆಯಾಗಿತ್ತು. ಸಂಗಡ ಹೋದವರಲ್ಲಿ ಒಬ್ಬರೂ ಆ ಕಾಳಗವನ್ನು ಕಂಡಿರಲಿಲ್ಲ. ಕಾಣೆಯಾದವರೆಂದು ದಾಖಲೆಯಲ್ಲಿ ಬರೆದರು. ಯುದ್ಧ ಮುಗಿದ ಮೇಲೆ ಮೃತರೆಂದು ಭಾವಿಸಿದರು. ಕಾಣೆಯಾದವನೆಂಬ ಮಾತು ಸರ್ಕಾರದ ಕಾಗದದಲ್ಲಿ ಒಂದು ಶಬ್ದ; ಮನೆಯಲ್ಲಿ ಅದು ಮುಗಿಯದ ಕಾಲ. ಗುಂಡಿನ ಸದ್ದಿನಿಂದ ಹುಟ್ಟುಸಾವುಗಳನ್ನು ಸಾರುವ ನಾಡಿನಲ್ಲಿ, ಸತ್ತನೆಂದು ಕಂಡವರೊಬ್ಬರೂ ಇಲ್ಲದವನಿಗೆ ಆ ಎರಡನೆಯ ಸದ್ದನ್ನು ಯಾವ ದಿನ ಮಾಡಿಸಬೇಕು? ಈ ಪ್ರಶ್ನೆ ಒಂದು ಮನೆತನದ್ದಲ್ಲ. ಯುದ್ಧಕ್ಕೆ ಮಕ್ಕಳನ್ನು ಕಳುಹಿಸಿದ ಎಲ್ಲ ನಾಡುಗಳ ಎಷ್ಟೋ ಮನೆಗಳದು.

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ವೈಮಾನಿಕರಿಗಾದ ಸಂಗತಿಯನ್ನು ಹೋಲಿಸಿ ನೋಡಬಹುದು. ಸೆಪ್ಟೆಂಬರ್ ೨೨ರಂದು, ಕದನವಿರಾಮದ ಹೊಸ್ತಿಲಿನಲ್ಲಿ, ಜನರಲ್ ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪನವರ ವಿಮಾನವನ್ನು ಶತ್ರುಗಳು ಉರುಳಿಸಿ, ಅವರನ್ನು ಸೆರೆಹಿಡಿದರು. ಪಾಕಿಸ್ತಾನದ ರೇಡಿಯೋ ತಡಮಾಡದೆ ಅದನ್ನು ಸಾರಿತು. ಅಲ್ಲಿನ ಅಧ್ಯಕ್ಷರಾದ ಅಯೂಬ್ ಖಾನರು ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸಮಾಡಿದ್ದವರು. ಮಗನನ್ನು ಬಿಟ್ಟುಕೊಡುವ ಮಾತನ್ನು ಅವರು ತಾವೇ ಹೇಳಿ ಕಳುಹಿಸಿದರೆಂದೂ, ಉಳಿದ ಸೆರೆಯಾಳುಗಳಿಗಿಂತ ಹೆಚ್ಚಿನ ಉಪಚಾರ ತಮ್ಮ ಮಗನಿಗೆ ಬೇಡವೆಂದು ಕಾರ್ಯಪ್ಪನವರು ಒಪ್ಪದೆ ಹೋದರೆಂದೂ ಪ್ರಸಿದ್ಧವಾಗಿದೆ. ಮಗ ಮುಂದೆ ಮನೆಗೆ ಬಂದರು. ಒಂದು ಮನೆಗೆ ಶತ್ರುವಿನ ಬಾನುಲಿಯಿಂದ ಸುದ್ದಿ ಅಂದೇ ಮುಟ್ಟಿತು. ಇನ್ನೊಂದು ಮನೆಗೆ ಮುಟ್ಟಬೇಕಾಗಿದ್ದ ಸುದ್ದಿ ಹದಿನಾಲ್ಕು ವರುಷ ದಾರಿಯಲ್ಲಿಯೇ ಉಳಿಯಿತು.

ಹದಿನಾಲ್ಕು ವರುಷಗಳ ಬಳಿಕ, ೧೯೭೯ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನು ೧೯೬೫ರ ವಾಯುಯುದ್ಧವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅವನಿಗೆ ಸಾಮಗ್ರಿ ದೊರೆತುದು ಪಾಕಿಸ್ತಾನದ ವಾಯುಪಡೆಯಿಂದ. ಗ್ರಂಥದ ಒಲವೂ ಅವರ ಕಡೆಗೇ. ಅಂಥ ಗ್ರಂಥದಲ್ಲಿ, ಸರ್ಗೋಧದ ಆ ಮುಂಜಾವದಲ್ಲಿ ತಮ್ಮದೊಂದು ಸ್ಟಾರ್‌ಫೈಟರ್ ಭಾರತದ ಮಿಸ್ಟೇರಿನೊಡನೆ ಕಾದಿ ಬಿದ್ದಿತೆಂಬ ಸಂಗತಿ ಬಂದಿತು. ಭಾರತದಲ್ಲಿ ಅದನ್ನು ಓದಿದವರು ತಮ್ಮ ದಾಖಲೆಗಳನ್ನು ತೆರೆದು ನೋಡಿದರು. ಆ ದಂಡಿನಲ್ಲಿ ಹಿಂದಿರುಗದಿದ್ದುದು ಒಂದೇ ವಿಮಾನ. ಆದ್ದರಿಂದ ಆ ಮಿಸ್ಟೇರ್ ಬೇರೆ ಯಾರದೂ ಆಗಿರಲಾರದು. ಅಂದಿನ ನಾಯಕರಾಗಿದ್ದ ತನೇಜಾ ಅವರೇ ಮೊದಲಾದವರು ಸರ್ಕಾರಕ್ಕೆ ಬರೆದುಕೊಂಡರು. ೧೯೮೮ರಲ್ಲಿ, ಸತ್ತು ಇಪ್ಪತ್ತಮೂರನೆಯ ವರುಷದಲ್ಲಿ, ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮಹಾವೀರಚಕ್ರ ಸಂದಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು.

ಶ್ರೋತೃಗಳು ಇದನ್ನು ಗಮನಿಸಬೇಕು. ಮೈನಾರ್ಸ್ಕಿಯ ಸಾವಿಗೆ ಸಾಕ್ಷಿಯಾದವನು ಗೆಳೆಯ. ದೇವಯ್ಯನವರ ಸಾವಿಗೆ ಸಾಕ್ಷಿಯಾದವರು ಶತ್ರುಗಳು. ಗೆಳೆಯನ ಮಾತನ್ನು ನಾವು ಪ್ರೀತಿಯಿಂದ ನಂಬುತ್ತೇವೆ. ಆದರೆ ಇತಿಹಾಸದ ನ್ಯಾಯಸ್ಥಾನದಲ್ಲಿ ಶತ್ರುವಿನ ಮಾತಿಗೆ ಇನ್ನೂ ಹೆಚ್ಚಿನ ಬೆಲೆ. ತನ್ನ ಸೋಲನ್ನು ತಾನೇ ಒಪ್ಪಿಕೊಳ್ಳುವವನಿಗೆ ಸುಳ್ಳು ಹೇಳುವ ಕಾರಣವಿರುವುದಿಲ್ಲ. ತಮ್ಮ ವಿಮಾನದ ನಷ್ಟವನ್ನು ಮುಚ್ಚಿಟ್ಟಿದ್ದರೆ ಯಾರು ಕೇಳುತ್ತಿದ್ದರು? ಹೊಲದಲ್ಲಿ ಬಿದ್ದ ಪರದೇಶಿಯನ್ನು ಮಣ್ಣುಮಾಡದೆ ಬಿಟ್ಟಿದ್ದರೆ ಆ ಹಳ್ಳಿಯವರನ್ನು ಯಾರು ದೂರುತ್ತಿದ್ದರು?

ಈ ಭಾವವು ಕನ್ನಡಿಗರಿಗೆ ಹೊಸದಲ್ಲ. ರಾಷ್ಟ್ರಕೂಟರನ್ನು ಗೆದ್ದು ಚಾಲುಕ್ಯರ ಅರಸುತನವನ್ನು ಮತ್ತೆ ನಿಲ್ಲಿಸಿದ ತೈಲಪನಿಂದ ಕವಿಚಕ್ರವರ್ತಿಯೆನಿಸಿಕೊಂಡ ರನ್ನನು ತನ್ನ ಗದಾಯುದ್ಧದಲ್ಲಿ, ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿಕೊಂಡು ಹೋಗುತ್ತಾನೆ. ದಾರಿಯಲ್ಲಿ ಅಭಿಮನ್ಯು ಬಿದ್ದಿರುವುದು ಕಾಣುತ್ತದೆ. ಅವನು ಶತ್ರುವಿನ ಮಗ. ದುರ್ಯೋಧನನು ಅಲ್ಲಿ ನಿಂತು, ಆ ಬಾಲಕನ ಪರಾಕ್ರಮವನ್ನು ಮನಸಾರೆ ಹೊಗಳಿ, ತನಗೂ ಅಂಥ ಮರಣವೇ ಬರಲೆಂದು ಹಾರೈಸುತ್ತಾನೆ. ಅಭಿಮನ್ಯುವನ್ನು ಭೀಮಾರ್ಜುನರು ಎಷ್ಟು ಹೊಗಳಿದರೂ ಈ ಒಂದು ಹೊಗಳಿಕೆಗೆ ಸಮನಾಗದೆಂಬುದು ಕವಿಗೆ ತಿಳಿದಿತ್ತು. ಯುದ್ಧವನ್ನು ಹತ್ತಿರದಿಂದ ಬಲ್ಲ ಕಾಲದ ಕವಿ ಅವನು.

ಇಷ್ಟು ಹೇಳಿದುದರಿಂದ ನಾವು ಯುದ್ಧವನ್ನು ಹೊಗಳುತ್ತಿರುವೆವೆಂದು ಯಾರೂ ತಿಳಿಯಬಾರದು. ಬಾಂಬು ವಿಮಾನವು ಮೇಲಿನಿಂದ ಬಿಡುವ ಬೆಂಕಿ ಸೈನಿಕನನ್ನೂ ಕೂಸನ್ನೂ ಬೇರೆ ಮಾಡಿ ನೋಡದು. ಐರೋಪ್ಯ ನಗರಗಳಲ್ಲಿ ಹಾಗೆ ಬೆಂದುಹೋದ ನಿರಪರಾಧಿಗಳ ಸಂಖ್ಯೆ ಲಕ್ಷಗಳ ಲೆಕ್ಕದ್ದು. ಅವರಿಗೂ ಸಾಕ್ಷಿಗಳು ಬೇಕು. ಮೈನಾರ್ಸ್ಕಿಯ 'ವೀರ್ಯ' ಎಂದು ನಾವು ಯಾವುದನ್ನು ನೆನೆಯುತ್ತೇವೋ ಅದು ಬಾಂಬು ಹಾಕಿದುದಲ್ಲ. ಬಾಂಬಿನ ವಿಮಾನದೊಳಗೆ ಒಬ್ಬ ಗೆಳೆಯನಿಗಾಗಿ ಹಿಂದಿರುಗಿ ನಡೆದುದು. ದೇವಯ್ಯನವರು ತಿರುಗಿ ನಿಂತುದರ ಫಲವಾಗಿ, ಎಣ್ಣೆ ಮುಗಿಯುತ್ತಿದ್ದ ವಿಮಾನಗಳಲ್ಲಿ ಮನೆಗೆ ಓಡುತ್ತಿದ್ದ ಸಂಗಡಿಗರ ಬೆನ್ನು ಹತ್ತುವವನು ಇಲ್ಲದೆ ಹೋದನು. ಇಬ್ಬರೂ ಬಾಗಿಲು ತೆರೆದಿರುವಾಗ ಹಿಂದಕ್ಕೆ ತಿರುಗಿದವರು. ಅದೇ ಇವರಿಬ್ಬರ ಸಾಮ್ಯ.

ಇನ್ನು ಸಾಕ್ಷಿಯೇ ದೊರೆಯದವರ ಮಾತು. ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ಮೇಲಣ ಗುಡ್ಡದಲ್ಲಿ, ರನ್ನಿಮೀಡ್ ಎಂಬಲ್ಲಿ, ೧೯೫೩ರಲ್ಲಿ ಒಂದು ಸ್ಮಾರಕವನ್ನು ತೆರೆದರು. ಸಮಾಧಿ ಎಲ್ಲಿದೆಯೆಂದು ತಿಳಿಯದ ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟ ವೈಮಾನಿಕರ ಹೆಸರುಗಳನ್ನು ಅಲ್ಲಿಯ ಗೋಡೆಗಳ ಮೇಲೆ ಕೆತ್ತಿದ್ದಾರೆ. ಹೇಗೆ ಸತ್ತರೆಂಬುದು ಅಲ್ಲಿಲ್ಲ, ಹೆಸರು ಮಾತ್ರ. ಅವರಲ್ಲಿ ಎಷ್ಟು ಮಂದಿ ಮೈನಾರ್ಸ್ಕಿಯಂತೆ ಹಿಂದಿರುಗಿ ನಡೆದರೋ, ಎಷ್ಟು ಮಂದಿ ದೇವಯ್ಯನವರಂತೆ ತಿರುಗಿ ನಿಂತರೋ! ಬದುಕಿ ಬಂದ ಬ್ರೋಫಿಯೊಬ್ಬನು ಅವರಿಗೆ ದೊರೆಯಲಿಲ್ಲ. ಆದುದರಿಂದ ಪದಕ ಪಡೆದವರನ್ನು ನೆನೆಯುವಾಗಲೆಲ್ಲ, ಪದಕವು ವೀರ್ಯದ ಅಳತೆಯಲ್ಲ, ಸಾಕ್ಷಿಯ ಅಳತೆ ಎಂಬುದನ್ನು ಮರೆಯದಿರುವುದು ಲೇಸು.

ಕಾಳಗಿಯ ಅಂಗಳದಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ ನಾವು ಮುಂದೊಂದು ದಿನ ತರಗತಿಯಲ್ಲಿ ಈ ಎರಡು ಕಥೆಗಳನ್ನು ಹೇಳಿದೆವು. ಕಲ್ಲನ್ನು ಎಲ್ಲಿ ನೆಡಬೇಕೆಂಬುದಕ್ಕೆ ನಮಗೆ ತೋಚಿದ ಉತ್ತರ ಇಷ್ಟೇ. ವೀರಗಲ್ಲನ್ನು ನಮ್ಮ ಹಿರಿಯರು ಹೆಣ ಬಿದ್ದ ಕಡೆಯಲ್ಲಿಯೇ ನೆಡಬೇಕೆಂದಿರಲಿಲ್ಲ. ಎಷ್ಟೋ ಕಲ್ಲುಗಳು ನಿಂತಿರುವುದು ಊರ ಬಾಗಿಲಲ್ಲಿ, ಗುಡಿಯ ಮುಂದೆ, ಅಂದರೆ ನಾಲ್ಕು ಜನ ನಿಂತು ಓದುವ ಕಡೆಯಲ್ಲಿ. ಆಕಾಶದಲ್ಲಿ ಸತ್ತವರಿಗೂ ಕಲ್ಲು ಅಲ್ಲಿಯೇ. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪಾಕಿಸ್ತಾನದ ಹಳ್ಳಿಯವರ ಹೆಸರು ಎಲ್ಲಿಯಾದರೂ ಬರೆದಿದೆಯೇ ಎಂದು ಕೇಳಿದನು. ಒಳ್ಳೆಯ ಶಿಷ್ಯನು ಉತ್ತರ ದೊರೆತ ಮೇಲೆಯೂ ಪ್ರಶ್ನೆಯನ್ನು ಬಿಡುವುದಿಲ್ಲ. ಅವನ ಆ ಎರಡನೆಯ ಪ್ರಶ್ನೆಯನ್ನು ಶ್ರೋತೃಗಳ ಮುಂದಿಟ್ಟು ಈ ಭಾಷಣವನ್ನು ಮುಗಿಸುತ್ತೇವೆ.